ಪ್ಲಗ್ ಹೊರಗೆ ಕಿಡಿ ಬಂದರೆ ಇಗ್ನಿಷನ್ ಸರಿಯಿದೆ ಎಂದರ್ಥವೇ? ಹಳೆಯ ಬೈಕಿನ ಬಗ್ಗೆ ಓಡಾಡುವ ಸಲಹೆಯಲ್ಲಿ ನಿಜವೆಷ್ಟು?

ಹಳೆಯ ಬೈಕ್ ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಬೇರೆ ಬೇರೆ ರೂಪದಲ್ಲಿ ಸುತ್ತುತ್ತಲೇ ಇರುತ್ತದೆ. ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಪ್ಲಗ್ ವೈರ್ ಕಿತ್ತು, ಅದರ ತುದಿಯನ್ನು ಇಂಜಿನ್ ಹತ್ತಿರ ಹಿಡಿದು ಕಿಕ್ ಹೊಡೆಯಿರಿ. ನೀಲಿ ಕಿಡಿ ಹಾರಿದರೆ ಇಗ್ನಿಷನ್ ಓಕೆ, ಕಾರ್ಬ್ಯುರೇಟರ್ ಬಿಚ್ಚಿ. ಹಾರದಿದ್ದರೆ ಕಾಯಿಲ್ ಹೋಗಿದೆ, ಹೊಸದು ಹಾಕಿಸಿ. ಇಷ್ಟೇ.

ಇದು ಅರ್ಧ ಸತ್ಯ. ಕಿಡಿ ಇದೆಯೇ ಎಂದು ಮೊದಲು ನೋಡಬೇಕು ಎಂಬುದು ಸರಿ. ಆದರೆ ಹೊರಗೆ ಕಿಡಿ ಕಂಡ ಮಾತ್ರಕ್ಕೆ ಇಂಜಿನ್ ಒಳಗೂ ಅದು ಹಾರುತ್ತದೆ ಎಂದಲ್ಲ. ಕಿಡಿ ಬರದಿದ್ದರೆ ಕಾಯಿಲ್‌ನದೇ ತಪ್ಪು ಎಂದೂ ಅಲ್ಲ. ವೈರ್ ಹಿಡಿದು ನೋಡುವ ವಿಧಾನವಂತೂ ಕೆಲವು ಗಾಡಿಗಳನ್ನು ಹಾಳುಮಾಡುತ್ತದೆ, ಕೆಲವೊಮ್ಮೆ ಬೆಂಕಿಗೂ ಕಾರಣವಾಗಬಹುದು.

ಕಿಡಿ ಹುಟ್ಟುವುದು ಹೇಗೆ?

ನಮ್ಮಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಜಾವಾ, ಯೆಜ್ಡಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿಗಳಲ್ಲಿ ಬಹಳಷ್ಟಕ್ಕೆ 6 ವೋಲ್ಟ್ ಬ್ಯಾಟರಿ ಮತ್ತು ಪಾಯಿಂಟ್ ಇರುವ ಇಗ್ನಿಷನ್ ಇದೆ. ಕೀ ಹಾಕಿದಾಗ, ಪಾಯಿಂಟ್ ಮುಚ್ಚಿದ್ದರೆ, ಬ್ಯಾಟರಿಯ ಕರೆಂಟ್ ಕಾಯಿಲ್ ಒಳಗೆ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಇಂಜಿನ್ ತಿರುಗಿ ಪಾಯಿಂಟ್ ತೆರೆದುಕೊಂಡಾಗ ಆ ಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತದಿಂದಲೇ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ ತುದಿಯಲ್ಲಿ ಕಿಡಿ ಹಾರುತ್ತದೆ. ಅಂದರೆ ಪಾಯಿಂಟ್ ಕೂಡಿದಾಗಲ್ಲ, ಬಿಟ್ಟಾಗ ಕಿಡಿ. ಇದು ಗೊತ್ತಿಲ್ಲದೆ ಪಾಯಿಂಟನ್ನು ಬಿಗಿಯಾಗಿ ಕೂರಿಸಿ, ಅದು ತೆರೆಯದಂತೆ ಮಾಡಿಟ್ಟವರೂ ಇದ್ದಾರೆ.

ಪಾಯಿಂಟ್ ಜೊತೆಗೆ ಕಂಡೆನ್ಸರ್ ಎಂಬ ಬೆರಳ ತುದಿಯಷ್ಟು ದಪ್ಪದ ಸಣ್ಣ ಡಬ್ಬಿ ಇರುತ್ತದೆ. ಪಾಯಿಂಟ್ ತೆರೆದುಕೊಳ್ಳುವಾಗ ಕರೆಂಟ್ ಅಲ್ಲೇ ಕಿಡಿಯಾಗಿ ಪೋಲಾಗದಂತೆ ಅದು ತಡೆಯುತ್ತದೆ. ಅದು ಕೆಟ್ಟರೆ ಕಿಡಿ ಪ್ಲಗ್‌ನಲ್ಲಿ ಬರುವ ಬದಲು ಪಾಯಿಂಟ್‌ನಲ್ಲೇ ಸುಡುತ್ತದೆ.

ಹೊರಗೆ ಬಂದ ಕಿಡಿ ಒಳಗೆ ಏಕೆ ಬರುವುದಿಲ್ಲ?

ಸಾಮಾನ್ಯ ಗಾಳಿಯಲ್ಲಿ ಒಂದು ಮಿ.ಮೀ. ಅಂತರ ದಾಟಲು ಸುಮಾರು 3,000 ವೋಲ್ಟ್ ಬೇಕು. ಪ್ಲಗ್‌ನ ಅಂತರ ಹೆಚ್ಚುಕಡಿಮೆ 0.6 ಮಿ.ಮೀ., ಹಾಗಾಗಿ ಹೊರಗೆ ಎರಡು-ಮೂರು ಸಾವಿರ ವೋಲ್ಟ್‌ಗೇ ಕಿಡಿ ಕಾಣುತ್ತದೆ. ಇಂಜಿನ್ ಒಳಗೆ ಪರಿಸ್ಥಿತಿ ಬೇರೆ. ಅಲ್ಲಿ ಪಿಸ್ಟನ್ ಗಾಳಿ-ಪೆಟ್ರೋಲನ್ನು ಒತ್ತಿ ಹಿಡಿದಿರುತ್ತದೆ, ಒತ್ತಡ ಹೊರಗಿನದಕ್ಕಿಂತ ಹಲವು ಪಟ್ಟು. ಒತ್ತಡ ಏರಿದಂತೆ ಅದೇ ಅಂತರ ದಾಟಲು ಬೇಕಾದ ವೋಲ್ಟೇಜ್ ಕೂಡ ಏರುತ್ತದೆ. ಸುಸ್ತಾದ ಕಾಯಿಲ್ ಹೊರಗೆ ಚೆಂದದ ಕಿಡಿ ತೋರಿಸಿ, ಒಳಗೆ ಕೈಕೊಡುವುದು ಇದೇ ಕಾರಣಕ್ಕೆ. ಹೀಗಾಗಿಯೇ ಸ್ಪಾರ್ಕ್ ಟೆಸ್ಟರ್‌ನಲ್ಲಿ ಸುಮಾರು 6 ಮಿ.ಮೀ. ಅಂತರ ಇಟ್ಟು ನೋಡುತ್ತಾರೆ. ಅಷ್ಟು ದೂರ ಹಾರಿದರೆ ಒಳಗೂ ಹಾರುತ್ತದೆ ಎಂದು ನಂಬಬಹುದು.

ಬಣ್ಣದ ಮಾತು? ಹಳದಿಯಾಗಿ ಎಳೆಯಂತೆ ಬರುವ ಕಿಡಿ ದುರ್ಬಲ, ನಿಜ. ಆದರೆ ನೀಲಿ ಎಂಬುದೇ ಸರ್ಟಿಫಿಕೇಟ್ ಅಲ್ಲ. ಬಿಸಿಲಲ್ಲಿ ನಿಂತು ನೋಡಿದರೆ ಯಾವ ಬಣ್ಣವೂ ಸರಿಯಾಗಿ ತಿಳಿಯುವುದಿಲ್ಲ.

ವೈರ್ ಕೈಯಲ್ಲಿ ಹಿಡಿಯಬೇಡಿ

ನಂತರದ ದಿನಗಳ ಬಹಳಷ್ಟು ಬೈಕ್‌ಗಳಲ್ಲಿ ಪಾಯಿಂಟ್ ಬದಲು ಸಿಡಿಐ ಯೂನಿಟ್ ಇರುತ್ತದೆ. ಇಲ್ಲಿ ಕಿಡಿಗೆ ದಾರಿ ಸಿಗದಂತೆ ವೈರನ್ನು ದೂರ ಹಿಡಿದು ಕಿಕ್ ಹೊಡೆದರೆ, ಹೊರಬರಲಾಗದ ವೋಲ್ಟೇಜ್ ಕಾಯಿಲ್‌ನ ಅಥವಾ ಯೂನಿಟ್‌ನ ಒಳಗಿನ ಇನ್ಸುಲೇಷನ್ ಸುಟ್ಟುಹಾಕಬಹುದು. ಪರೀಕ್ಷೆ ಮಾಡಲು ಹೋಗಿ ಚೆನ್ನಾಗಿದ್ದ ಭಾಗವನ್ನೂ ಕಳೆದುಕೊಂಡಂತೆ.

ಇನ್ನೊಂದು ಅಪಾಯ ಪ್ಲಗ್ ಬಿಚ್ಚಿದ ತೂತಿನದು. ಕಿಕ್ ಹೊಡೆದಾಗ ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ನೀವು ಕಿಡಿ ಹಾರಿಸುತ್ತಿರುತ್ತೀರಿ. ತೂತಿಗೆ ಒಂದು ಮುಚ್ಚಳ ಪೆಟ್ರೋಲ್ ಸುರಿದು ಕಿಕ್ ಮಾಡಿ ಎನ್ನುವ ವಿಡಿಯೊಗಳು ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಹಾಗೆ ಸುರಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನೂ ತೊಳೆದುಬಿಡುತ್ತದೆ.

ಸುರಕ್ಷಿತ ದಾರಿ ಬಹಳ ಸರಳ. ಪೆಟ್ರೋಲ್ ನಲ್ಲಿ ಬಂದ್ ಮಾಡಿ. ಇಂಜಿನ್‌ನಲ್ಲಿರುವ ಪ್ಲಗ್ ಅಲ್ಲೇ ಇರಲಿ. ಇನ್ನೊಂದು ಒಳ್ಳೆಯ ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರ್ ಹೆಡ್‌ಗೆ ಗಟ್ಟಿಯಾಗಿ ತಾಗಿಸಿಡಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದರೆ ಇನ್ನೂ ಒಳ್ಳೆಯದು. ನೆರಳಿನಲ್ಲಿ ಕಿಕ್ ಹೊಡೆದು ನೋಡಿ. ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಕಾಯಿಲ್ ಕೊಳ್ಳುವ ಮೊದಲು

ಐದಾರು ಸಲ ಕಿಕ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಇಗ್ನಿಷನ್ ಬಿಟ್ಟು ನಲ್ಲಿ, ಪೈಪ್, ಕಾರ್ಬ್ಯುರೇಟರ್ ಕಡೆ ಹೋಗಿ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ. ಟೂ-ಸ್ಟ್ರೋಕ್‌ಗಳಲ್ಲಿ ಪ್ಲಗ್‌ನ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಮಸಿ ಅಡ್ಡ ಕೂತು ಗಾಡಿ ಪೂರ್ತಿ ನಿಂತುಬಿಡುವುದು ತೀರಾ ಸಾಮಾನ್ಯ. ಹಳೆಯ ಟೂತ್‌ಬ್ರಷ್‌ನಿಂದ ಒರೆಸಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿ, ವೈರಿನ ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂ.ಮೀ. ಕತ್ತರಿಸಿ ಮತ್ತೆ ಹಾಕಿ.

ಬ್ಯಾಟರಿ ಇಗ್ನಿಷನ್ ಗಾಡಿಯಲ್ಲಿ ಬ್ಯಾಟರಿ ಸತ್ತರೆ ಕಿಡಿಯೂ ಸತ್ತಂತೆ. ಚೆನ್ನಾಗಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ ಸುಮಾರು 6.3 ತೋರಿಸಬೇಕು. 6ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದ ಮಾತು ಆಮೇಲೆ. ಅಂದಹಾಗೆ, ಇಂಜಿನ್ ಆಫ್ ಇರುವಾಗ ಕೀ ಆನ್ ಮಾಡಿಟ್ಟು ಹರಟೆಗೆ ಕೂರಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಬಿಸಿಯಾಗುತ್ತಲೇ ಇರುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ.

ಜಾವಾ, ಯೆಜ್ಡಿಯಲ್ಲಿ ಪಾಯಿಂಟ್ ಇರುವುದು ಇಂಜಿನ್‌ನ ಬಲಗಡೆ ಕವರ್ ಒಳಗೆ. ಮಳೆಗಾಲವಿಡೀ ನಿಂತಿದ್ದ ಗಾಡಿಯಲ್ಲಿ ಪಾಯಿಂಟ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ತುಕ್ಕಿನ ಪದರ ಕಟ್ಟಿರುತ್ತದೆ, ಆರು ವೋಲ್ಟ್‌ಗೆ ಅಷ್ಟೇ ಸಾಕು ಕರೆಂಟ್ ನಿಲ್ಲಲು. ಹಳೆಯ ವಿಸಿಟಿಂಗ್ ಕಾರ್ಡನ್ನು ಪಾಯಿಂಟ್ ನಡುವೆ ತೂರಿಸಿ ನಾಲ್ಕಾರು ಸಲ ಎಳೆಯಿರಿ. ಒರಟು ಸ್ಯಾಂಡ್‌ಪೇಪರ್ ಬೇಡ, ಅದರ ಪುಡಿ ಅಲ್ಲೇ ಉಳಿದು ಮತ್ತೆ ತೊಂದರೆ ಕೊಡುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಕಣ್ಣಳತೆ ಸಾಲದು, ಫೀಲರ್ ಗೇಜ್ ಬಳಸಿ.

ಆಮೇಲೆ ನಿಜವಾದ ಪರೀಕ್ಷೆ. ಪೆಟ್ರೋಲ್ ನಲ್ಲಿ ಬಂದ್ ಇರಲಿ, ಸುತ್ತ ಪೆಟ್ರೋಲ್ ವಾಸನೆ ಇರಬಾರದು. ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಮಾಡಿ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಪಾಯಿಂಟನ್ನು ಮೆಲ್ಲಗೆ ಸರಿಸಿ ತೆರೆಯಿರಿ. ಪಾಯಿಂಟ್‌ನಲ್ಲಿ ಚಿಕ್ಕ ಕಿಡಿ ಕಂಡರೆ ಅಲ್ಲಿಯವರೆಗೆ ಕರೆಂಟ್ ಬರುತ್ತಿದೆ. ಏನೂ ಕಾಣದಿದ್ದರೆ ತೊಂದರೆ ಅದಕ್ಕಿಂತ ಹಿಂದೆ, ಫ್ಯೂಸ್, ಕೀ ಸ್ವಿಚ್, ತುಕ್ಕು ಹಿಡಿದ ಅರ್ಥ್ ಜಾಯಿಂಟ್, ಇಲ್ಲವೇ ಎಲ್ಲೋ ಕಳಚಿದ ವೈರ್. ಬಣ್ಣ ಹೊಡೆಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿರುವುದಕ್ಕೂ ಎಷ್ಟೋ ಸಲ ಇದೇ ಕಾರಣ: ಅರ್ಥ್ ಕೂಡುವ ಜಾಗಕ್ಕೂ ಪೇಂಟ್ ಬಿದ್ದು ಅರ್ಥ್ ಸಿಗುವುದಿಲ್ಲ. ಪಾಯಿಂಟ್‌ನಲ್ಲಿ ದಪ್ಪನೆಯ ಹಳದಿ ಕಿಡಿ ಸಿಡಿಯುತ್ತಿದ್ದು, ಪ್ಲಗ್‌ನಲ್ಲಿ ಮಾತ್ರ ಸೊರಗಿದ್ದರೆ ಕಂಡೆನ್ಸರ್ ಬದಲಿಸಿ. ಇಷ್ಟೆಲ್ಲ ಸರಿಯಿದ್ದೂ ಪ್ಲಗ್‌ಗೆ ಕಿಡಿ ಬರದಿದ್ದರೆ, ಈಗ ಕಾಯಿಲ್ ಮೇಲೆ ಬೆರಳು ತೋರಿಸಬಹುದು. ಹೊಸದು ತರುವಾಗ 6 ವೋಲ್ಟ್ ಗಾಡಿಗೆ 6 ವೋಲ್ಟ್‌ನದೇ ಕೇಳಿ ತನ್ನಿ, 12ರದ್ದು ಹಾಕಿದರೆ ಕಿಡಿ ಸೊರಗುತ್ತದೆ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಸೈಲೆನ್ಸರ್‌ನಲ್ಲಿ ಢಂ ಎನ್ನುತ್ತದೆ ಅಥವಾ ಕಿಕ್ ತಿರುಗಿ ಕಾಲಿಗೆ ಒದೆಯುತ್ತದೆ ಎಂದರೆ ಟೈಮಿಂಗ್ ತಪ್ಪಿದೆ. ಅದನ್ನು ಆ ಗಾಡಿ ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಬಿಸಿಯಾದ ಮೇಲೆ ನಿಂತರೆ?

ಫಾರ್ವರ್ಡ್‌ಗಳು ಸಾಮಾನ್ಯವಾಗಿ ಮುಟ್ಟದ ಸಮಸ್ಯೆ ಇದು, ಜನರ ಹಣ ಹೆಚ್ಚು ಹೋಗುವುದೂ ಇಲ್ಲೇ. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್, ಹತ್ತು ಕಿ.ಮೀ. ಹೋದ ಮೇಲೆ ಆಫ್. ಅರ್ಧ ಗಂಟೆ ಆರಿದ ಮೇಲೆ ಮತ್ತೆ ಸ್ಟಾರ್ಟ್. ನನ್ನ ಚಿಕ್ಕಪ್ಪನ ಹಳೆಯ ಗಾಡಿ ಹೀಗೇ ಆಡುತ್ತಿತ್ತು. ಗ್ಯಾರೇಜ್‌ಗೆ ಹೋಗುವಷ್ಟರಲ್ಲಿ ಆರಿ ಸರಿಯಾಗಿರುತ್ತಿತ್ತು, ಅಲ್ಲಿ ಕಿಡಿ ನೋಡಿದರೆ ನೀಲಿ. ಹಾಗಾಗಿ ಕಾರ್ಬ್ಯುರೇಟರ್ ಕಿಟ್ ಬದಲಾಯಿತು, ಟ್ಯಾಂಕ್ ತೊಳೆದರು, ಕೊನೆಗೆ ಅದನ್ನು ಗುಜರಿಗೆ ಹಾಕುವ ಮಾತೂ ಬಂತು.

ಕಂಡೆನ್ಸರ್ ಮತ್ತು ಕಾಯಿಲ್‌ನ ಒಳಗಿನ ಇನ್ಸುಲೇಷನ್ ಹಳತಾದಾಗ ಬಿಸಿಗೆ ಮಾತ್ರ ಸೋರತೊಡಗುತ್ತದೆ, ತಣ್ಣಗಾದಾಗ ಮತ್ತೆ ಸರಿಯಿರುವಂತೆ ನಟಿಸುತ್ತದೆ. ಆದ್ದರಿಂದ ಪರೀಕ್ಷೆಯನ್ನೂ ಬಿಸಿಯಲ್ಲೇ ಮಾಡಬೇಕು. ಗಾಡಿ ನಿಂತ ಜಾಗದಲ್ಲೇ, ರಸ್ತೆ ಬದಿಗೆ ಸರಿಸಿ, ಕೂಡಲೇ ಎರಡನೇ ಪ್ಲಗ್ ಸಿಕ್ಕಿಸಿ ಕಿಡಿ ನೋಡಬೇಕು. ಚಿಕ್ಕಪ್ಪ ಆ ದಿನ ಜೇಬಿನಲ್ಲಿ ಪ್ಲಗ್ ಇಟ್ಟುಕೊಂಡೇ ಹೊರಟಿದ್ದರು. ಗಾಡಿ ನಿಂತಾಗ ನೋಡಿದರೆ ಕಿಡಿಯೇ ಇಲ್ಲ. ಮೊದಲು ಅಗ್ಗದ ಭಾಗ ಎಂದು ಕಂಡೆನ್ಸರ್ ಬದಲಿಸಿದರು, ಕಾಯಿಲ್ ಹಳೆಯದೇ ಉಳಿಯಿತು. ಗಾಡಿ ಈಗಲೂ ಅವರ ಬಳಿಯೇ ಇದೆ.