ಎರಡು ದಫ್ತರಗಳ ನಡುವೆ: ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳಲ್ಲಿ ಎಳೆಯರ ಮನಸ್ಸು

ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಚರಿತ್ರೆಯನ್ನು ಬರೆದವರು ಬಳ್ಳಾರಿಯ ಹೆಸರನ್ನು ಹೇಳಿಯೇ ಮುಂದೆ ಹೋಗುತ್ತಾರೆ. ಆದರೆ ಆ ಬಳ್ಳಾರಿಯೊಳಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಯೂ ಸೇರಿತ್ತೆಂಬುದು, ಬಹುಪಾಲು ಮಳೆಯನ್ನೇ ನೆಚ್ಚಿದ ಆ ಸೀಮೆಯಲ್ಲಿ ಬೆಳೆಯುತ್ತಿದ್ದ ಹುಡುಗ ಹುಡುಗಿಯರ ಮನಸ್ಸಿಗೆ ಅದರಿಂದ ದಕ್ಕಿದ್ದೆಷ್ಟು ಎಂಬುದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಹತ್ತು ವರ್ಷ ಕಲಿತದ್ದನ್ನು ಒಂದು ಇಡೀ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಲೆಂದು 1985ರಲ್ಲಿ ಬಳ್ಳಾರಿಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಕೆಲವೇ ಬಗೆಯ ಔಷಧಿಗಳನ್ನು ಕೇಂದ್ರಗಳಲ್ಲಿ ದಾಸ್ತಾನಿಟ್ಟು, ರೋಗಿಯ ವಿವರವನ್ನು ಸರಳ ಕಾರ್ಡಿನಲ್ಲಿ ಬರೆದಿಡುವ ಈ ಕ್ರಮ 1990ರವರೆಗೆ ನಡೆಯಿತು. ಮುಂದೆ ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದೇ ಕ್ರಮವನ್ನು ಆಧರಿಸಿ ಕೇಂದ್ರ ಸರ್ಕಾರವು 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ರಾಷ್ಟ್ರವ್ಯಾಪಿ ಕಾರ್ಯಕ್ರಮವನ್ನು ಆರಂಭಿಸಿತು.

ಆ ಕಾರ್ಡುಗಳಲ್ಲಿ ಮುಖ್ಯವಾಗಿ ನಮೂದಾದವು ತೀವ್ರ ಮನೋರೋಗ, ಮೂರ್ಛೆರೋಗ ಮತ್ತು ಅಂದಿನ ಮಾತಿನಲ್ಲಿ ಬುದ್ಧಿಮಾಂದ್ಯತೆ. ಮಗುವೊಂದು ಈ ವ್ಯವಸ್ಥೆಯ ಕಣ್ಣಿಗೆ ಬೀಳಬೇಕಾದರೆ ಅದಕ್ಕೆ ಮೂರ್ಛೆ ಬರಬೇಕಿತ್ತು ಅಥವಾ ಅದರ ಬುದ್ಧಿ ಬೆಳೆಯದೆ ನಿಂತಿರಬೇಕಿತ್ತು; ಶಾಲೆ ಬಿಟ್ಟು ಮಂಕಾಗಿ ಕುಳಿತ ಹದಿನಾಲ್ಕರ ಹುಡುಗಿಗೆ ಅಲ್ಲಿ ಅಂಕಣವಿರಲಿಲ್ಲ. ಚಿಕಿತ್ಸೆಯೇ ತಲುಪದಿದ್ದ ಹಳ್ಳಿಗಳಿಗೆ ಮಾತ್ರೆಯನ್ನಾದರೂ ತಲುಪಿಸಬೇಕೆಂಬ ಅವಸರದಲ್ಲಿ ರೂಪುಗೊಂಡ ಕಾರ್ಯಕ್ರಮವನ್ನು ಇದಕ್ಕಾಗಿ ದೂರುವುದು ಸಲ್ಲದು. ಆದರೂ ಎಳೆಯ ಮನಸ್ಸನ್ನು ಘಾಸಿಗೊಳಿಸುವ ಸಂಗತಿಗಳು ಇಲ್ಲಿ ಅದಾಗಲೇ ದಾಖಲಾಗಿದ್ದವು, ಬೇರೆಯವರ ದಫ್ತರದಲ್ಲಿ.

ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲಿ ಬಸವಿಯರ ಬಗ್ಗೆ ಬರೆದ ದೀರ್ಘ ಲೇಖನವು ಈ ದಾಖಲೆಗಳಲ್ಲಿ ಹಳೆಯದು. ಗಂಡು ಸಂತಾನವಿಲ್ಲದ ಮನೆಯವರು ಮಗಳೊಬ್ಬಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ ಬಸವಿ ಬಿಡುತ್ತಿದ್ದರು. ಅವಳು ಮದುವೆಯಾಗದೆ ತವರಿನಲ್ಲೇ ಉಳಿದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ, ಹೆತ್ತವರ ಕರ್ಮಾಂತರಗಳನ್ನು ನಡೆಸಿ, ತನ್ನ ಮಕ್ಕಳ ಮೂಲಕ ಆ ಮನೆತನವನ್ನು ಮುಂದುವರಿಸುತ್ತಿದ್ದಳು. ಪುರುಷನ ಹಕ್ಕು ದೊರೆಯಿತೆಂಬ ಅಂಶವೇ ಫಾಸೆಟ್‌ನಿಗೆ ಮುಖ್ಯವಾಗಿ ಕಂಡಿತು. ಆದರೆ ಹೊಲವೇ ಇಲ್ಲದ ಮನೆಯಲ್ಲಿ ಆ ಹಕ್ಕಿಗೆ ಬೆಲೆಯೇನು? ಇಪ್ಪತ್ತನೆಯ ಶತಮಾನದುದ್ದಕ್ಕೂ ಈ ಪದ್ಧತಿ ಬಹುಪಾಲು ಪರಿಶಿಷ್ಟ ಜಾತಿಗಳ ಬಡ ಕುಟುಂಬಗಳಲ್ಲಿ ಮುಂದುವರಿದಾಗ ಉತ್ತರಾಧಿಕಾರದ ಲಾಭ ಕರಗಿ, ದೇಹದ ಮೇಲಿನ ಪರರ ಹಕ್ಕು ಮತ್ತು ತಂದೆಯ ಹೆಸರಿಲ್ಲದ ಮಕ್ಕಳ ಅವಮಾನ ಇವೆರಡು ಮಾತ್ರ ಉಳಿದವು.

ಬಸವಿ ಬಿಡುವುದೂ ಸೇರಿದ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ತಡವಾಗಿ ಬಂತೆಂಬುದು ಸಾಮಾನ್ಯ ಗ್ರಹಿಕೆ. ಈ ತಾಲ್ಲೂಕುಗಳ ಮಟ್ಟಿಗೆ ಅದು ನಿಜವಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇವು ಮದ್ರಾಸಿನ ಆಡಳಿತದಲ್ಲಿದ್ದುದರಿಂದ, ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾದ 1947ರ ಮದ್ರಾಸ್ ದೇವದಾಸಿ ಸಮರ್ಪಣೆ ತಡೆ ಕಾಯ್ದೆ ಇಲ್ಲಿಗೂ ಅನ್ವಯವಾಗುತ್ತಿತ್ತು. ಕರ್ನಾಟಕದ 1982ರ ಕಾಯ್ದೆ ಬಂದದ್ದು ಮೂವತ್ತೈದು ವರ್ಷಗಳ ನಂತರ. ಮುತ್ತು ಕಟ್ಟಿದವರಿಗೆ ಮೂರು ವರ್ಷ, ಕಟ್ಟಿಸಿದವರು ಹೆತ್ತವರೋ ಪೋಷಕರೋ ಆಗಿದ್ದರೆ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವ ಈ ಕಾಯ್ದೆಯ ನಂತರವೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಜಾತ್ರೆ ಬಂತೆಂದರೆ ಅಧಿಕಾರಿಗಳು ಕಾವಲು ನಿಲ್ಲಬೇಕಾಗಿ ಬಂದಿದೆ. ಹೆತ್ತವರೇ ಅಪರಾಧಿಗಳಾದಾಗ ದೂರು ಕೊಡಬೇಕಾದವಳು ಹದಿಹರೆಯದ ಮಗಳೇ ಆಗಿರುತ್ತಾಳೆ ಎಂಬುದನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. 1993–94ರ ಸಮೀಕ್ಷೆಯಲ್ಲಿ 22,873, 2007–08ರದ್ದೂ ಸೇರಿ ರಾಜ್ಯದಲ್ಲಿ 46,660 ದೇವದಾಸಿ ಮಹಿಳೆಯರನ್ನು ಗುರುತಿಸಲಾಯಿತು. ಸಾಲ, ನಿವೇಶನ, ಮಾಸಾಶನಗಳಿಗೆ ಈ ಪಟ್ಟಿ ಆಧಾರವಾಯಿತೇ ಹೊರತು ಅವರ ಮಕ್ಕಳ ಮನಃಸ್ಥಿತಿಯನ್ನು ಅರಿಯುವುದಕ್ಕಲ್ಲ.

ಮಗುವಿನ ಮನಸ್ಸು ಮುಂದೆ ಕೆಡುವ ಸಂಭವವನ್ನು ಹೆಚ್ಚಿಸುವ ಬಡತನ, ಹಿಂಸೆ, ಅವಮಾನ, ಅಗಲಿಕೆಗಳಂಥ ಸಂಗತಿಗಳನ್ನು ಸಂಶೋಧಕರು ಅಪಾಯಾಂಶಗಳೆನ್ನುತ್ತಾರೆ. ಅವುಗಳ ನಡುವೆಯೂ ಮಗು ನೆಟ್ಟಗೆ ಬೆಳೆಯುವಂತೆ ಮಾಡುವ ಒಳಹೊರಗಿನ ಬಲಕ್ಕೆ ಪುಟಿದೇಳುವ ಶಕ್ತಿ ಎಂಬ ಹೆಸರಿದೆ. 1955ರಲ್ಲಿ ಹವಾಯಿಯ ಕವಾಯ್ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್ ಮತ್ತು ಸಂಗಡಿಗರು, ತೀವ್ರ ಅಪಾಯಾಂಶಗಳ ನಡುವೆ ಬೆಳೆದವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಸಮರ್ಥ ವಯಸ್ಕರಾದುದನ್ನೂ, ಅಂಥವರ ಬಾಲ್ಯದಲ್ಲಿ ಅಜ್ಜಿಯೋ ಶಿಕ್ಷಕರೋ ಯಾರಾದರೊಬ್ಬ ಹಿರಿಯರ ಸ್ಥಿರವಾದ ಆಸರೆ ಇದ್ದುದನ್ನೂ ಕಂಡರು. ಹೀಗೆ ನೋಡಿದಾಗ ಬಸವಿಯ ಮನೆ ಎರಡು ಮುಖಗಳಲ್ಲಿ ಕಾಣುತ್ತದೆ: ತಾಯಿ, ಅಜ್ಜಿಯರೇ ಯಜಮಾನರಾದ ಮನೆಯಲ್ಲಿ ಆಸರೆಗೆ ಕೊರತೆಯಿಲ್ಲದಿರಬಹುದು, ಆದರೆ ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರು ಕೇಳಿದ ಗಳಿಗೆಗೆ ಅದೇ ಮನೆ ಅವಮಾನದ ಮೂಲವಾಗುತ್ತದೆ. ಬರಗಾಲದಲ್ಲಿ ಹೆತ್ತವರು ಗುಳೆ ಹೋದಾಗ ಊರಲ್ಲಿ ಉಳಿಯುವ ಮಕ್ಕಳ ವಿಷಯದಲ್ಲೂ ಅಜ್ಜಿಯ ಪಾತ್ರ ಹೀಗೆಯೇ ದೊಡ್ಡದು.

ಇಂಥ ಅಧ್ಯಯನಕ್ಕೆ ಬೇಕಾದದ್ದು ಕೈಬದಲಾಗದೆ ಉಳಿದ ದಾಖಲೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1934ರಿಂದ ಹೆರಿಗೆಯ ವಿವರಗಳನ್ನು ಜತನದಿಂದ ಉಳಿಸಿಕೊಂಡದ್ದರಿಂದ ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರವೂ ಹುಡುಕಿ ಪರೀಕ್ಷಿಸಲು ಸಾಧ್ಯವಾಯಿತು. ಎಳೆಯರ ಮನೋವಿಕಾಸದ ಅಪಾಯ ಮತ್ತು ಚೇತರಿಕೆಗಳನ್ನು ಅರಿಯಲು ಭಾರತ ಹಾಗೂ ಬ್ರಿಟನ್ನಿನ ಸಂಶೋಧಕರು ಸೇರಿ 2016ರ ಸುಮಾರಿಗೆ ಆರಂಭಿಸಿದ, ಆರರಿಂದ ಇಪ್ಪತ್ಮೂರು ವಯಸ್ಸಿನವರನ್ನು ಒಳಗೊಂಡ ‘ಸಿ-ವೇದ’ ಅಧ್ಯಯನವೂ ಬೆಂಗಳೂರು, ಮೈಸೂರು, ರಿಷಿವ್ಯಾಲಿ, ಕೋಲ್ಕತ್ತ, ಚಂಡೀಗಢ, ಇಂಫಾಲಗಳಲ್ಲಿ ಕೇಂದ್ರಗಳನ್ನು ಹೊಂದಿತು. ದೇಶಕ್ಕೇ ಮಾದರಿ ಕೊಟ್ಟ ಬಳ್ಳಾರಿಯಲ್ಲಿ ಕೇಂದ್ರವಿರಲಿಲ್ಲ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಂದಿಗೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. 1985ರಲ್ಲಿ ಅಲ್ಲಿ ಹುಟ್ಟಿದ ಮಗುವಿನ ಜಾಡು ಹಿಡಿಯಹೊರಟವರು ಮೂರು ಜಿಲ್ಲಾ ಕಚೇರಿಗಳ ಬಾಗಿಲು ತಟ್ಟಬೇಕು.

2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲವು ಒಪ್ಪಿದ ಹೊಸ ದೇವದಾಸಿ ಮಸೂದೆಯು ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಮಕ್ಕಳಿಗೆ ನೀಡುತ್ತದೆ. 1947ರ ಮತ್ತು 1982ರ ಕಾಯ್ದೆಗಳು ಸಮರ್ಪಣೆಯ ವಿಧಿಯನ್ನು ಗುರಿಯಾಗಿಸಿಕೊಂಡಿದ್ದರೆ, ಮಗುವನ್ನೇ ಹಕ್ಕುದಾರನನ್ನಾಗಿ ಕಾಣುವ ಈ ನೋಟ ಅವುಗಳಿಗಿಂತ ಮುಂದಿನದು. ಆದರೆ ಹಕ್ಕು ಕೇಳಲು ಹೊರಟ ಹುಡುಗಿ ತನ್ನ ಹುಟ್ಟಿನ ಕಥೆಯನ್ನು ಅದೇ ಊರಿನ ಜನರ ಎದುರು ಮತ್ತೆ ಹೇಳಬೇಕಾಗುವುದರಿಂದ, ಕಾಗದಪತ್ರಕ್ಕೆ ನೆರವಾಗುವವರ ಜತೆಗೆ ಅವಳ ಮನಸ್ಸನ್ನು ವಿಚಾರಿಸುವವರೂ ತಾಲ್ಲೂಕಿನಲ್ಲಿ ಇರುತ್ತಾರೋ ಇಲ್ಲವೋ ಎಂಬುದು ಆರೋಗ್ಯ ಇಲಾಖೆಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ.