ಕೆಫೀನ್ ಮತ್ತು ಗರ್ಭನಿರೋಧಕ ಮಾತ್ರೆ

ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯರ ದೇಹದಲ್ಲಿ ಕಾಫಿ, ಚಹಾಗಳ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಅದು ರಕ್ತಕ್ಕೆ ಸೇರುವುದು ಎಂದಿನಂತೆಯೇ, ಸುಮಾರು ಮುಕ್ಕಾಲು ಗಂಟೆಯೊಳಗೆ. ನಿಧಾನವಾಗುವುದು ಅದನ್ನು ಒಡೆದು ಹೊರಹಾಕುವ ಕೆಲಸ.

ಆ ಕೆಲಸ ನಡೆಯುವುದು ಯಕೃತ್ತಿನಲ್ಲಿ. ಸಿವೈಪಿ1ಎ2 ಎಂಬ ಕಿಣ್ವ ಕೆಫೀನಿನ ಬಹುಪಾಲನ್ನು ಪ್ಯಾರಾಜಾಂಥೀನ್ ಆಗಿಯೂ, ಸ್ವಲ್ಪವನ್ನು ಥಿಯೊಬ್ರೊಮೀನ್ ಮತ್ತು ಥಿಯೊಫಿಲಿನ್ ಆಗಿಯೂ ಮಾರ್ಪಡಿಸುತ್ತದೆ. ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಾಡಯಾಲ್ ಎಂಬ ಈಸ್ಟ್ರೋಜನ್ ಈ ಕಿಣ್ವವನ್ನು ತಡೆಹಿಡಿಯುತ್ತದೆ. ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್‌ನಲ್ಲಿ ಇದು 0.03 ಮಿಲಿಗ್ರಾಂ ಇದೆ. ಅಂತರಾ ಚುಚ್ಚುಮದ್ದಿನಂತೆ ಪ್ರೊಜೆಸ್ಟಿನ್ ಮಾತ್ರ ಇರುವ ವಿಧಾನಗಳಲ್ಲಿ ಈಸ್ಟ್ರೋಜನ್ ಇರುವುದಿಲ್ಲ.

1980ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೆಫೀನಿನ ಅರ್ಧಾಯುವನ್ನು, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯವನ್ನು, ಅಳೆಯಿತು. ಮಾತ್ರೆ ಸೇವಿಸದ ಮಹಿಳೆಯರಲ್ಲಿ ಅದು ಸುಮಾರು 6.2 ಗಂಟೆ, ಸೇವಿಸುವವರಲ್ಲಿ 10.7 ಗಂಟೆ. ಈಸ್ಟ್ರೋಜನ್ ಪ್ರಮಾಣ ತಗ್ಗಿಸಿದ ಮಾತ್ರೆಗಳನ್ನು 1985ರಲ್ಲಿ ಪರೀಕ್ಷಿಸಿದಾಗ ಅಂತರ ಕಿರಿದಾಗಿತ್ತು (5.4 ಮತ್ತು 7.9 ಗಂಟೆ), ಆದರೆ ಮಾಯವಾಗಿರಲಿಲ್ಲ.

ದಿನಚರಿಯಲ್ಲಿ ಇದರ ಅರ್ಥವೇನು? ಸಂಜೆ ನಾಲ್ಕಕ್ಕೆ 100 ಮಿಲಿಗ್ರಾಂ ಕೆಫೀನ್ ಸೇರಿತೆನ್ನಿ. 1980ರ ಅಳತೆಯಂತೆ ಲೆಕ್ಕ ಹಾಕಿದರೆ, ಮಾತ್ರೆ ಸೇವಿಸುವವರಲ್ಲಿ ರಾತ್ರಿ ಹತ್ತಕ್ಕೂ ಅದರಲ್ಲಿ ಸುಮಾರು 68 ಮಿಲಿಗ್ರಾಂ ಉಳಿದಿರುತ್ತದೆ. ಮರುದಿನ ಬೆಳಗ್ಗೆ ಆರಕ್ಕೆ, ಮೊದಲ ಲೋಟ ಕಾಫಿಗೆ ಮುನ್ನವೇ, ಸುಮಾರು 40 ಮಿಲಿಗ್ರಾಂ. ಮಾತ್ರೆ ಸೇವಿಸದವರಲ್ಲಿ ಆ ಹೊತ್ತಿಗೆ ಉಳಿಯುವುದು ಅದರ ಅರ್ಧದಷ್ಟು. ನಿದ್ದೆ ಬಾರದೆಂದೋ ಎದೆ ಡವಗುಟ್ಟುತ್ತದೆಂದೋ ಬರುವ ಮಹಿಳೆಯನ್ನು ಎಷ್ಟು ಕಾಫಿ ಕುಡಿಯುತ್ತೀರಿ ಎಂದು ವಿಚಾರಿಸುವ ವೈದ್ಯರು ಮಾತ್ರೆಯ ಬಗೆಗೂ ತಪ್ಪದೆ ಕೇಳಬೇಕು. ಅಂಥವರಿಗೆ ಮಾತ್ರೆ ನಿಲ್ಲಿಸುವುದಕ್ಕಿಂತ ಸಂಜೆಯ ಕಾಫಿ ಬಿಡುವುದು ಮೊದಲ ಹೆಜ್ಜೆ. ಕಾಫಿಯಿಂದ ಮಾತ್ರೆಯ ಗರ್ಭನಿರೋಧಕ ಶಕ್ತಿಯೇನೂ ಕುಂದುವುದಿಲ್ಲ.

ಎಲ್ಲರಲ್ಲೂ ಪರಿಣಾಮ ಒಂದೇ ಅಲ್ಲ. ಧೂಮಪಾನ ಇದೇ ಕಿಣ್ವವನ್ನು ಚುರುಕುಗೊಳಿಸುತ್ತದೆ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಕೆಫೀನ್ ಇನ್ನೂ ನಿಧಾನವಾಗಿ ಕರಗುತ್ತದೆ. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಈ ಕಿಣ್ವವನ್ನು ತಡೆಯುವುದರಿಂದ, ಗರ್ಭನಿರೋಧಕ ಮಾತ್ರೆಯ ಜೊತೆಗೆ ಅದನ್ನೂ ತೆಗೆದುಕೊಳ್ಳುವ ದಿನಗಳಲ್ಲಿ ಕಾಫಿ ಕಡಿಮೆ ಮಾಡುವುದು ಒಳ್ಳೆಯದು. ಸ್ನಾಯು ಸಡಿಲಿಸುವ ಟಿಜಾನಿಡಿನ್ ಔಷಧಿ ಒಡೆಯುವುದೂ ಸಿವೈಪಿ1ಎ2ನಿಂದಲೇ. ಮಾತ್ರೆ ಸೇವಿಸುವವರಲ್ಲಿ ಅದರ ಪ್ರಮಾಣ ಏರಿ ರಕ್ತದೊತ್ತಡ ಕುಸಿಯಬಹುದು.