ರಕ್ತ ಏರಿಸುವ ಸೂಜಿ: ಎರಿಥ್ರೋಪೊಯೆಟಿನ್ ಬಳಕೆಯ ಮಿತಿಗಳು

ದೇಗಾಂವ, ಕಿತ್ತೂರು, ಬೈಲಹೊಂಗಲದ ಕಡೆ ‘ರಕ್ತ ಕಡಿಮಿ ಆಗೇತಿ’ ಎಂದು ದವಾಖಾನೆಗೆ ಬರುವ ಇಬ್ಬರ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 8 ಗ್ರಾಂ ಇದೆಯೆಂದುಕೊಳ್ಳೋಣ. ಒಬ್ಬಾಕೆ ಬಾಣಂತಿ, ಇನ್ನೊಬ್ಬರು ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು. ಚೀಟಿಯ ಮೇಲಿನ ಅಂಕಿ ಒಂದೇ, ಕೊರತೆ ಬೇರೆ. ಬಾಣಂತಿಗೆ ಸಾಮಾನ್ಯವಾಗಿ ಸಾಲದಿರುವುದು ಕಬ್ಬಿಣ. ಡಯಾಲಿಸಿಸ್ ರೋಗಿಗೆ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನೇ ಸಾಲದು. ಹಲವು ಸಲ ಅದರ ಜೊತೆಗೆ ಕಬ್ಬಿಣವೂ. ಇಬ್ಬರಿಗೂ ಒಂದೇ ‘ರಕ್ತ ಏರಿಸುವ ಸೂಜಿ’ ಸಾಕೆಂಬ ನಂಬಿಕೆ ಅಪಾಯಕಾರಿ ಎಂಬುದು ಈ ಟಿಪ್ಪಣಿಯ ವಾದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಇಷ್ಟು ಜನರ ನಡುವೆ ಈ ಹಾರ್ಮೋನ್ ನಿಜಕ್ಕೂ ಬೇಕಾದವರು ಕೆಲವರು ಮಾತ್ರ.

ದೊಡ್ಡವರಲ್ಲಿ ಈ ಹಾರ್ಮೋನನ್ನು ಮುಖ್ಯವಾಗಿ ಮೂತ್ರಪಿಂಡಗಳೇ ತಯಾರಿಸುತ್ತವೆ. ಅಂಗಾಂಶಕ್ಕೆ ಆಮ್ಲಜನಕ ಕಡಿಮೆಯಾದರೆ ಉತ್ಪಾದನೆ ಏರುತ್ತದೆ. ಅಸ್ಥಿಮಜ್ಜೆ ಅದರ ಸೂಚನೆಯಂತೆ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಆಮ್ಲಜನಕದ ಕೊರತೆಯನ್ನು ಜೀವಕೋಶ ಹೇಗೆ ಅರಿಯುತ್ತದೆ ಎಂದು ತೋರಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಝಾ ಅವರಿಗೆ 2019ರ ನೊಬೆಲ್ ಬಂತು. ಹಾರ್ಮೋನನ್ನು ಶುದ್ಧವಾಗಿ ಕೈಗೆ ತಂದುಕೊಂಡದ್ದು ಬಹಳ ಹಿಂದೆ, 1977ರಲ್ಲಿ. ಮಜ್ಜೆ ಸೋತ ಜಪಾನಿ ರೋಗಿಗಳ 2,550 ಲೀಟರ್ ಮೂತ್ರವನ್ನು ಜಪಾನಿನ ಸಂಶೋಧಕ ಮಿಯಾಕೆ ಸಂಗ್ರಹಿಸಿದ್ದರು. ಷಿಕಾಗೊದಲ್ಲಿ ಗೋಲ್ಡ್‌ವಾಸರ್ ಅವರ ತಂಡ ಅದರಿಂದ ಕೆಲವೇ ಮಿಲಿಗ್ರಾಂ ಪಡೆಯಿತು. ಆ ಸಹನೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನಂತರ ವಂಶವಾಹಿ ಸಿಕ್ಕಿತು. 1989ರಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ದೊರೆಯಿತು. ಈಗ ಭಾರತದಲ್ಲೇ ಹಲವು ಕಂಪನಿಗಳು ತಯಾರಿಸುತ್ತವೆ. ಬೆಂಗಳೂರಿನ ಬಯೋಕಾನ್ ತಂದ ‘ಎರಿಪ್ರೊ’ ಅವುಗಳಲ್ಲೊಂದು.

ಈ ಔಷಧ ಬರುವ ಮೊದಲು ಡಯಾಲಿಸಿಸ್ ರೋಗಿಗಳು ಪದೇ ಪದೇ ರಕ್ತ ಏರಿಸಿಕೊಂಡೇ ಬದುಕಬೇಕಾಗಿತ್ತು. ಅದರಿಂದ ಸೋಂಕಿನ ಭಯ, ಮೈಯಲ್ಲಿ ಕಬ್ಬಿಣ ಶೇಖರವಾಗುವ ತೊಂದರೆ. ಮುಂದೆ ಮೂತ್ರಪಿಂಡ ಕಸಿಗೆ ಅಡ್ಡಿಯಾಗುವ ಪ್ರತಿಕಾಯಗಳು ಬೇರೆ. ಈ ಸಂಕಟವನ್ನು ಬಹುಮಟ್ಟಿಗೆ ತಪ್ಪಿಸಿದ್ದು ಈ ಹಾರ್ಮೋನ್. ಕೆಲವು ಬಗೆಯ ಕಿಮೊಥೆರಪಿ ರೋಗಿಗಳಿಗೂ ಇದನ್ನು ಕೊಡುವುದುಂಟು. ಆದರೆ ಕೆಲವು ಕ್ಯಾನ್ಸರ್‌ಗಳಲ್ಲಿ ಆಯುಷ್ಯ ತಗ್ಗಿದ್ದು ಕಂಡ ಮೇಲೆ ಅಲ್ಲಿ ಬಳಕೆಯನ್ನು ಬಿಗಿಗೊಳಿಸಲಾಗಿದೆ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಇಂದು ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲೂ ಡಯಾಲಿಸಿಸ್ ಸಿಗುತ್ತದೆ. ಹಾಗಾಗಿ ಹಾರ್ಮೋನಿನ ಪ್ರಶ್ನೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾಗಿ ಉಳಿದಿಲ್ಲ. ಆರಂಭದ ಪ್ರಮಾಣ ಸಾಮಾನ್ಯವಾಗಿ ದೇಹತೂಕದ ಪ್ರತಿ ಕೆ.ಜಿ.ಗೆ 50–100 ಯೂನಿಟ್, ವಾರಕ್ಕೆ ಮೂರು ಸಲ, 50 ಕೆ.ಜಿ. ತೂಗುವವರಿಗೆ ಪ್ರತಿ ಸಲ 2,500ರಿಂದ 5,000 ಯೂನಿಟ್. ಆದರೆ ಮೈಯಲ್ಲಿ ಕಬ್ಬಿಣವಿಲ್ಲದಿದ್ದರೆ ಪ್ರಮಾಣ ಏರಿಸಿಯೂ ಫಲವಿಲ್ಲ: ಗೌಂಡಿಗಳನ್ನು ಎಷ್ಟು ಕರೆತಂದರೂ ಇಟ್ಟಿಗೆ ಇಲ್ಲದೆ ಗೋಡೆ ಏಳುವುದಿಲ್ಲ. ಆದ್ದರಿಂದ ಕಬ್ಬಿಣದ ಮಟ್ಟ ತಿಳಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಮೊದಲು ಆಗಬೇಕು. ಹಿಮೋಗ್ಲೋಬಿನ್ ಒಂದನ್ನೇ ಬರೆಯುವ ಡಯಾಲಿಸಿಸ್ ಚೀಟಿಗಳಲ್ಲಿ ಈ ಎರಡಕ್ಕೂ ಜಾಗವಿರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಇಷ್ಟಾದರೂ ಹಿಮೋಗ್ಲೋಬಿನ್ ಏರದಿದ್ದರೆ ಸೋಂಕು, ಎಲ್ಲೋ ಆಗುತ್ತಿರುವ ರಕ್ತಸ್ರಾವ, ಬಿ12 ಕೊರತೆ ಇವನ್ನು ಹುಡುಕಬೇಕು.

ಇನ್ನೊಂದು ಸಂಗತಿ ಉಷ್ಣತೆಯದು. ಈ ಔಷಧ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹೆಪ್ಪುಗಟ್ಟಲೂಬಾರದು, ಜೋರಾಗಿ ಅಲುಗಾಡಿಸಲೂಬಾರದು. ಡಯಾಲಿಸಿಸ್ ಇನ್ನೂ ಶುರುವಾಗದ ರೋಗಿ ಔಷಧಿ ಅಂಗಡಿಯಿಂದ ಕೊಂಡು, ಏಪ್ರಿಲ್ ಬಿಸಿಲಿನಲ್ಲಿ ಸವದತ್ತಿಯಿಂದ ಹಳ್ಳಿಗೆ ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕ್ ಇಟ್ಟ ಡಬ್ಬಿ ಇಲ್ಲದಿದ್ದರೆ ಸೂಜಿಯ ಗುಣವೇ ಕೆಡಬಹುದು. ದುಡ್ಡು ಕೊಟ್ಟು ತಂದ ಬಡವರಿಗೆ ಇದನ್ನು ಅಂಗಡಿಯಲ್ಲೇ ಯಾರಾದರೂ ತಿಳಿಸಿ ಹೇಳಲೇಬೇಕು.

ಹೆಚ್ಚು ಹಿಮೋಗ್ಲೋಬಿನ್ ಅಂದರೆ ಹೆಚ್ಚು ಆರೋಗ್ಯ ಎಂಬ ಎಣಿಕೆ ದೊಡ್ಡ ಅಧ್ಯಯನಗಳಲ್ಲಿ ಮುರಿದುಬಿತ್ತು. 2006ರಲ್ಲಿ ಪ್ರಕಟವಾದ ‘ಕಾಯರ್’ ಅಧ್ಯಯನದಲ್ಲಿ 13.5 ಗ್ರಾಂ ಗುರಿಯಿಟ್ಟವರಿಗೆ 11.3ರ ಗುರಿಯವರಿಗಿಂತ ಸಾವು ಮತ್ತು ಹೃದಯ-ರಕ್ತನಾಳದ ಅನಾಹುತಗಳ ಒಟ್ಟು ಪ್ರಮಾಣ ಹೆಚ್ಚಿತ್ತು. ಸಕ್ಕರೆ ಕಾಯಿಲೆಯೂ ಮೂತ್ರಪಿಂಡ ರೋಗವೂ ಇದ್ದ 4,038 ಜನರ ‘ಟ್ರೀಟ್’ ಅಧ್ಯಯನದಲ್ಲಿ (2009) ಇದೇ ವರ್ಗದ ಡಾರ್ಬೆಪೊಯೆಟಿನ್ ಪಡೆದ 101 ಮಂದಿಗೆ ಲಕ್ವಾ ಹೊಡೆಯಿತು. ಹುಸಿಮದ್ದಿನ (ಪ್ಲಸೀಬೊ) ಗುಂಪಿನಲ್ಲಿ 53 ಮಂದಿಗೆ. ಆದ್ದರಿಂದಲೇ ಇಂದಿನ ಮಾರ್ಗಸೂಚಿಗಳು ಸಾಮಾನ್ಯವಾಗಿ 11.5ರ ಆಚೆ ಒಯ್ಯಬೇಡಿ ಎನ್ನುತ್ತವೆ. ಬಿ.ಪಿ. ಏರುವುದು, ಡಯಾಲಿಸಿಸ್‌ಗಾಗಿ ಕೈಯಲ್ಲಿ ಮಾಡಿದ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಕಾಣುವ ತೊಂದರೆಗಳು. ಅಪರೂಪಕ್ಕೆ ದೇಹವು ಹಾರ್ಮೋನಿನ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡು ಕೆಂಪುಕಣಗಳ ತಯಾರಿಕೆ ನಿಂತೇಹೋಗುತ್ತದೆ.

ಕೆಂಪುಕಣ ಹೆಚ್ಚಿಸುವ ಈ ಸೂಜಿ ಆಟದ ಕಣದಲ್ಲೂ ದುರ್ಬಳಕೆಯಾಗುವುದುಂಟು. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ವಸತಿ ಶಾಲೆಯಿದೆ. ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸ್ಪರ್ಧೆಗೆ ಹೆಸರಾದವು. ದೂರದ ಓಟಗಾರರೂ ಸೈಕಲ್ ಸವಾರರೂ ಇರುವ ಈ ಭಾಗದ ಪಾಲಕರು, ತರಬೇತುದಾರರು ತಿಳಿದಿರಬೇಕಾದ ವಿಷಯವಿದು. ಒಲಿಂಪಿಕ್ ಸಮಿತಿ 1990ರಲ್ಲೇ ಎರಿಥ್ರೋಪೊಯೆಟಿನ್ ನಿಷೇಧಿಸಿತು. ಪತ್ತೆ ಪರೀಕ್ಷೆ ಒಲಿಂಪಿಕ್ಸ್‌ಗೆ ಬಂದದ್ದು 2000ದ ಸಿಡ್ನಿಯಲ್ಲಿ. ಇಂದು ಸ್ಪರ್ಧೆ ಇರಲಿ, ಬಿಡಲಿ, ಎಲ್ಲ ಕಾಲಕ್ಕೂ ನಿಷೇಧ. ಸಾಮಾನ್ಯ ಶಿಕ್ಷೆ ನಾಲ್ಕು ವರ್ಷ ಆಟದಿಂದ ಹೊರಗೆ. ‘ಡಾಕ್ಟರು ಕೊಟ್ಟರು, ನನಗೆ ಗೊತ್ತಿರಲಿಲ್ಲ’ ಎಂದಷ್ಟೇ ಹೇಳಿದರೆ ಬಿಡುಗಡೆಯಿಲ್ಲ. ನಿಜವಾದ ಕಾಯಿಲೆಯಿದ್ದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ (ನಾಡಾ) ಚಿಕಿತ್ಸಾ ವಿನಾಯಿತಿ ಪಡೆಯಬೇಕು. ಶಿಕ್ಷೆಗಿಂತ ನನ್ನನ್ನು ಕಾಡುವುದು ದೇಹದ ಅಪಾಯ: ಕಣಗಳಿಂದ ದಟ್ಟವಾದ ರಕ್ತ, ಮೇಲೆ ಬೆವರಿ ನೀರು ಕಳೆದುಕೊಂಡ ಮೈ, ಉತ್ತರ ಕರ್ನಾಟಕದ ಬಿಸಿಲಿನ ರಸ್ತೆ.

ದಣಿದ ಓಟಗಾರ್ತಿಗೆ ಕಬ್ಬಿಣದ ಕೊರತೆ ಕಂಡರೆ ಚಿಕಿತ್ಸೆಗೆ ಹೆದರಬೇಕಿಲ್ಲ. ಕಬ್ಬಿಣ ನಿಷೇಧಿತವಲ್ಲ, ಮಾತ್ರೆಗೆ ತಡೆಯಿಲ್ಲ. ಸಲಾಯಿನ್ ಮೂಲಕವಾದರೆ ಮಾತ್ರ ಗಮನಿಸಬೇಕು: 12 ಗಂಟೆಯೊಳಗೆ 100 ಮಿಲಿಲೀಟರ್ ಮೀರಿದರೆ, ಅದು ಆಸ್ಪತ್ರೆಯ ನಿಜವಾದ ಚಿಕಿತ್ಸೆಯ ಭಾಗವಲ್ಲದಿದ್ದರೆ, ವಿನಾಯಿತಿ ಬೇಕು. ದಾಖಲೆಗಳನ್ನು ಕಾಪಿಡುವುದು ಒಳ್ಳೆಯದು.

2022ರಲ್ಲಿ ಭಾರತದಲ್ಲಿ ಡೆಸಿಡುಸ್ಟಾಟ್ ಎಂಬ ಮಾತ್ರೆಗೆ ಅನುಮತಿ ಸಿಕ್ಕಿದೆ. ಅದು ದೇಹವೇ ಎರಿಥ್ರೋಪೊಯೆಟಿನ್ ಹೆಚ್ಚು ತಯಾರಿಸುವಂತೆ ಮಾಡುತ್ತದೆ. ಸೂಜಿಯಿಲ್ಲ, ಐಸ್ ಡಬ್ಬಿಯಿಲ್ಲ. ಹಳ್ಳಿಯ ಮೂತ್ರಪಿಂಡ ರೋಗಿಗೆ ದೊಡ್ಡ ಅನುಕೂಲ. ಆದರೆ ಹಿಮೋಗ್ಲೋಬಿನ್ ಮಿತಿಯ ಎಚ್ಚರ ಇದಕ್ಕೂ ಬೇಕು. ಕ್ರೀಡೆಯಲ್ಲಿ ಈ ವರ್ಗದ ಮಾತ್ರೆಗಳಿಗೂ ಸೂಜಿಯಷ್ಟೇ ಪೂರ್ಣ ನಿಷೇಧವಿದೆ.